ರೌಟರಿನ ಈಚೆಗೇ ಉಳಿದ ದನಿ

ನಮ್ಮ ಮನೆಯ ಪಡಸಾಲೆಯಲ್ಲಿ, ಬುದ್ಧನ ಪಟದ ಕೆಳಗೆ, ಒಂದು ಕರಿ ಡಬ್ಬಿ ಇದೆ. ಅಂಗೈಗಿಂತ ತುಸು ದೊಡ್ಡದು. ಎರಡು ಕೊಂಬು, ನಾಲ್ಕು ಹಸಿರು ದೀಪ. ನಿಮ್ಮ ಮನೆಯಲ್ಲೂ ಇದ್ದೀತು. ಈಗ ಯಾರ ಮನೆಯಲ್ಲಿಲ್ಲ ಹೇಳಿ? ನೆಟ್ ಹೋದಾಗ ಮಾತ್ರ ನೀವು ಅದರ ಕಡೆ ನೋಡುತ್ತೀರಿ. ನಾನು ಊಟಕ್ಕೆ ಕೂತರೂ ಅದಕ್ಕೆ ಬೆನ್ನು ಮಾಡಿಯೇ ಕೂರುತ್ತೇನೆ. ಎತ್ತಿ ಮಹಡಿಯಿಂದ ಕೆಳಕ್ಕೆ ಒಗೆದುಬಿಡಬೇಕು ಅಂತ ಎಷ್ಟೋ ಸಲ ಅನ್ನಿಸಿದೆ. ಒಗೆದಿಲ್ಲ. ಹೆಂಡತಿ ಶಾಂತಾಗೆ ಧಾರಾವಾಹಿ ಬೇಕು, ನನಗೆ ಶಾಲೆಯ ಹಾಜರಾತಿ ಕಳಿಸಬೇಕು. ಹಾಗಾಗಿ ಡಬ್ಬಿ ಬದುಕಿಕೊಂಡಿದೆ.

ಡಬ್ಬಿಯದೇನೂ ತಪ್ಪಿಲ್ಲ ಬಿಡಿ. ತಪ್ಪು ನನ್ನದು. ನಾನು ರಾಯಚೂರಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ನಮ್ಮ ಜಾತಿಯ ಮಾಸ್ತರರಿಗೆ, ಅಂದರೆ ಗಣಿತದವರಿಗೆ, ಒಂದು ರೋಗ ಇರುತ್ತದೆ. ಸುಲಭವಾಗಿ ಸಿಕ್ಕ ಉತ್ತರವನ್ನು ನಾವು ನಂಬುವುದಿಲ್ಲ. ಹುಡುಗರು ಲೆಕ್ಕವನ್ನು ಬಾಯಲ್ಲೇ ಮಾಡಿ ಉತ್ತರ ಹೇಳಿದರೂ ‘ಹಂತ ಬರಿ’ ಎಂದು ಗದರುತ್ತೇವೆ. ಆ ಹಂತ ಹಂತದ ಹುಚ್ಚು ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದೇ ಈ ಬರಹ. ಓದಿ ನಗಬಹುದು, ಮೊದಮೊದಲು ನಾನೂ ನಗುತ್ತಿದ್ದೆ.

ನಮ್ಮಪ್ಪ ಮಾನ್ವಿ ತಾಲ್ಲೂಕಿನ ಬಾಗಲವಾಡದಲ್ಲಿ ಡಂಗುರ ಸಾರುತ್ತಿದ್ದ. ಹಲಗೆ ಬಡಿದು ಓಣಿ ಓಣಿಯ ಮೂಲೆಯಲ್ಲಿ ನಿಂತು, ಕಾಲುವೆಗೆ ನೀರು ಬಿಡುತ್ತಾರೆ, ರೇಷನ್ ಬಂದಿದೆ, ಕೂಸುಗಳಿಗೆ ಪೋಲಿಯೊ ಹನಿ ಹಾಕಿಸಿಕೊಂಡು ಹೋಗಿ ಎಂದು ಊರಿಗೆಲ್ಲ ಕೂಗಿ ಹೇಳುವ ಕೆಲಸ. ಕೆಲವು ಓಣಿಗಳಲ್ಲಿ ಒಳಗೆ ಹೋಗಿ ಕೂಗುತ್ತಿದ್ದ, ಕೆಲವಕ್ಕೆ ಹೊರಗೇ ನಿಂತು ಕೂಗುತ್ತಿದ್ದ. ಯಾಕೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊರಗೆ ನಿಂತರೂ ಕೊನೆಯ ಮನೆಯ ಅಡುಗೆಕೋಣೆಗೆ ಕೇಳಿಸುವಂಥ ದನಿ. ನಾನು ಸಣ್ಣವನಿದ್ದಾಗ ಅವನ ಹಿಂದೆ ಅರ್ಧ ಊರು ತಿರುಗುತ್ತಿದ್ದೆ. ಹಲಗೆ ಕಾಯಿಸಲು ಹುಲ್ಲಿನ ಬೆಂಕಿ ಹಾಕುವುದು ನನ್ನ ಕೆಲಸ. ಚರ್ಮ ಬಿಸಿಯಾದಾಗ ಬರುವ ವಾಸನೆ ಈಗಲೂ ಮೂಗಿನಲ್ಲಿದೆ. ಆಮೇಲೆ ಹೈಸ್ಕೂಲಿಗೆ ಹೋದೆ ನೋಡಿ, ನಾಚಿಕೆ ಶುರುವಾಯಿತು. ಅಪ್ಪ ಶಾಲೆಯ ಮುಂದೆ ಬಂದು ಕೂಗಿದರೆ, ಬಿದ್ದ ಪೆನ್ಸಿಲ್ಲು ಹುಡುಕುವವನಂತೆ ಬೆಂಚಿನ ಕೆಳಗೆ ಬಗ್ಗುತ್ತಿದ್ದೆ. ಅವನು ಎಷ್ಟು ಹೊತ್ತು ಕೂಗುತ್ತಿದ್ದನೋ ಅಷ್ಟು ಹೊತ್ತು ಪೆನ್ಸಿಲ್ಲು ಸಿಗುತ್ತಿರಲಿಲ್ಲ.

ಆ ದನಿ ಹೋಯಿತು. ಗಂಟಲಲ್ಲಿ ಗಂಟು ಎಂದರು, ಆಪರೇಷನ್ ಮಾಡಿದರು, ದನಿಪೆಟ್ಟಿಗೆಯನ್ನೇ ತೆಗೆದರು. ಈಗ ಅಪ್ಪ ಕತ್ತಿನ ತೂತಿನಿಂದ ಉಸಿರಾಡುತ್ತಾನೆ, ದೇವದುರ್ಗದಲ್ಲಿ ಅಕ್ಕನ ಮನೆಯಲ್ಲಿದ್ದಾನೆ. ಅಕ್ಕ ಅಲ್ಲಿ ಅಂಗನವಾಡಿ ನಡೆಸುತ್ತಾಳೆ. ಅಪ್ಪನಿಗೆ ಅಕ್ಷರ ಬಾರದು, ಹಾಗಾಗಿ ಬರೆದೂ ಹೇಳಲಾರ. ನೀರು ಬೇಕೆಂದರೆ ತಂಬಿಗೆಯನ್ನು ನೆಲಕ್ಕೆ ಎರಡು ಸಲ ಬಡಿಯುತ್ತಾನೆ. ಊರಿಗೆಲ್ಲ ಕೂಗಿ ಹೇಳಿದವನು ತಂಬಿಗೆ ಬಡಿದು ನೀರು ಕೇಳುವುದನ್ನು ಮೊದಲ ಸಲ ನೋಡಿದ ದಿನ ನಾನು ಹಿತ್ತಲಿಗೆ ಹೋಗಿ ಅತ್ತೆ.

ಅತ್ತವನು ಒಳಗೆ ಬಂದು, ಸಮಾಧಾನ ಮಾಡುವ ಭರದಲ್ಲಿ, ಅಷ್ಟು ದಿನ ಮುಚ್ಚಿಟ್ಟಿದ್ದ ಒಂದು ಸಂಗತಿಯನ್ನು ಹೇಳಿಬಿಟ್ಟೆ. ಆಪರೇಷನ್ನಿಗೆ ಮುಂಚೆ, ಮೂರು ವರ್ಷ, ಭಾನುವಾರ ಬಾಗಲವಾಡಕ್ಕೆ ಹೋದಾಗೆಲ್ಲ ನಾನು ಅಪ್ಪನ ಮಾತನ್ನು ಕದ್ದು ಹಿಡಿದಿಟ್ಟಿದ್ದೆ. ಫೋನು ಕಂಡರೆ ಅಪ್ಪ ಬಾಯಿ ಮುಚ್ಚುತ್ತಿದ್ದ. ಅದಕ್ಕೇ ವಿಡಿಯೊ ಚಾಲೂ ಮಾಡಿ ಅಂಗಿಯ ಜೇಬಿಗೆ ಇಳಿಬಿಡುತ್ತಿದ್ದೆ. ಬರೀ ದನಿ ಹಿಡಿಯಲು ಬೇರೆ ಗುಂಡಿ ಇದೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಹೀಗಾಗಿ ನನ್ನ ಕಂಪ್ಯೂಟರಿನಲ್ಲಿ ಅರವತ್ತಕ್ಕೂ ಹೆಚ್ಚು ವಿಡಿಯೊಗಳಿವೆ. ಒಂದರಲ್ಲೂ ಅಪ್ಪನ ಮುಖ ಇಲ್ಲ. ನನ್ನ ಜೇಬಿನ ಕತ್ತಲೆ ಬಹಳ ಒಳ್ಳೆಯ ಗುಣಮಟ್ಟದಲ್ಲಿ ಚಿತ್ರೀಕರಣವಾಗಿದೆ, ಅದರ ಒಳಗಿಂದ ಅಪ್ಪ ಮಾತಾಡುತ್ತಾನೆ. ಕತ್ತಲೆಯ ತೂಕಕ್ಕೆ ಒಂದೊಂದು ಫೈಲೂ ಭಾರಿ ಗಾತ್ರದ್ದು. ಅಕ್ಕನ ಫೋನಿನ ಹೊಟ್ಟೆಯೋ, ಅಂಗನವಾಡಿ ಮಕ್ಕಳ ಫೋಟೊಗಳಿಂದಲೇ ತುಂಬಿ ತುಳುಕುತ್ತಿತ್ತು.

ನಿನ್ನ ದನಿ ನನ್ನ ಹತ್ತಿರ ಜೋಪಾನವಾಗಿದೆ ಎಂದು ಹೇಳಿದಾಗ ಅಪ್ಪ ನನ್ನನ್ನೇ ನೋಡುತ್ತ ಕೂತ. ಆಮೇಲೆ ಗಂಟಲು ಮುಟ್ಟಿಕೊಂಡ, ಕಿವಿ ಮುಟ್ಟಿಕೊಂಡ, ನನ್ನ ಜೇಬಿನ ಕಡೆ ಬೆರಳು ಮಾಡಿದ. ನನಗೂ ಕೇಳಿಸು ಅಂತ.

ಆಗ ಅಕ್ಕ ನನ್ನನ್ನು ಬಾಗಿಲ ಹೊರಗೆ ಕರೆದಳು. ಗಂಟು ಮತ್ತೆ ತಲೆ ಎತ್ತಿದೆ, ಈಗ ಕೊಡುತ್ತಿರುವ ಔಷಧಿಗೆ ಕಿವಿ ಮಂದವಾಗುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ತಿಳಿಸಿದಳು. ‘ದನಿ ಅಂತೂ ಹೋತು. ಕಿವಿ ಹೋಗೂದ್ರೊಳಗ ಕೇಳಿಸಿಬಿಡು ತಮ್ಮಾ’ ಅಂದಳು.

ಈಗ ನೀವು ಕೇಳುವ ಪ್ರಶ್ನೆ ನನಗೆ ಗೊತ್ತು. ಒಂದು ಪೆನ್‌ಡ್ರೈವ್‌ಗೆ ಹಾಕಿಕೊಂಡು ದೇವದುರ್ಗದ ಬಸ್ಸು ಹತ್ತಿದ್ದರೆ ಆಗುತ್ತಿರಲಿಲ್ಲವೇ? ಆಗುತ್ತಿತ್ತು. ಆದರೆ ಅದು ಬಾಯಿಲೆಕ್ಕ. ಹಂತಗಳಿರಲಿಲ್ಲ. ನಾನು ದೊಡ್ಡದಾಗಿ ಹೇಳಿ ಬಂದಿದ್ದೆ: ನಮ್ಮ ಮನೆಯ ಕಂಪ್ಯೂಟರನ್ನೇ ಸರ್ವರ್ ಮಾಡುತ್ತೇನೆ, ಅಪ್ಪನಿಗೆ ಯಾವ ಹೊತ್ತಿಗೆ ಯಾವ ಮಾತು ಬೇಕೋ ಅದನ್ನು ಅಕ್ಕ ಕೂತಲ್ಲಿಂದಲೇ ಇಳಿಸಿಕೊಳ್ಳಬಹುದು, ಒಂದು ಕೇಳಿ ಮುಗಿದ ಮೇಲೆ ಅಳಿಸಿ ಇನ್ನೊಂದು ತರಿಸಿಕೊಳ್ಳಬಹುದು, ಫೋನು ತುಂಬುವ ಚಿಂತೆಯೇ ಇಲ್ಲ ಎಂದು. ಹೇಳುವಾಗ ಎಷ್ಟು ಚೆಂದ ಕೇಳಿಸಿತು ಗೊತ್ತೇ! ಅಪ್ಪನೂ ತಲೆಯಾಡಿಸಿದ.

ಮೊದಲ ವಾರವೇ ಸರ್ವರ್ ಎದ್ದು ಕೂತಿತು. ಅಡುಗೆಮನೆಯಲ್ಲಿ ನಿಂತು ನನ್ನ ಫೋನಿನಿಂದ ತೆರೆದು ನೋಡಿದೆ, ಫೈಲುಗಳೆಲ್ಲ ಸಾಲಾಗಿ ಬಂದವು. ಬಚ್ಚಲುಮನೆಯಲ್ಲೂ ಬಂದವು. ಕುಣಿಯುವುದೊಂದು ಬಾಕಿ. ಅಕ್ಕನಿಗೆ ಫೋನು ಮಾಡಿ ಹೆಸರು, ಪಾಸ್‌ವರ್ಡು ಎಲ್ಲ ಹೇಳಿದೆ. ಅವಳ ಫೋನಿನಲ್ಲಿ ಏನೂ ಬರಲಿಲ್ಲ. ಅಕ್ಷರ ತಪ್ಪು ಹಾಕಿರಬೇಕು ಎಂದು ರೇಗಿದೆ. ಅವಳು ಹನ್ನೊಂದು ಸಲ ಹಾಕಿದಳು. ಅಂಗನವಾಡಿ ಟೀಚರಿಗೆ ಇಷ್ಟೂ ಬರುವುದಿಲ್ಲವೇ ಎಂದು ಕೂಗಾಡಿದೆ. ಅವಳು ಸುಮ್ಮನೆ ಫೋನು ಇಟ್ಟಳು. ಎರಡು ದಿನ ಆದ ಮೇಲೆ ನನಗೆ ಹೊಳೆಯಿತು: ನಾನು ಪರೀಕ್ಷೆ ಮಾಡಿದ್ದೆಲ್ಲ ಮನೆಯೊಳಗೇ, ಮನೆಯದೇ ವೈಫೈ ಹಿಡಿದು. ಹೊರಗಿನಿಂದ ಬಂದವರಿಗೆ ರೌಟರು ಬಾಗಿಲನ್ನೇ ತೆಗೆದಿರಲಿಲ್ಲ. ಅಕ್ಕನ ಕ್ಷಮೆ ಕೇಳಬೇಕಿತ್ತು. ‘ಸರ್ವರಿನ ಕಡೆ ಒಂದು ಸಣ್ಣ ತೊಂದರೆ ಇತ್ತು’ ಎಂದು ಹೇಳಿ ಮುಗಿಸಿದೆ.

ಬಾಗಿಲು ತೆಗೆಯುವುದಕ್ಕೂ ಒಂದು ವಿಧಾನ ಇದೆ. ಇಂಥ ಸಂಖ್ಯೆಯ ಬಾಗಿಲು ಯಾರಾದರೂ ತಟ್ಟಿದರೆ ಈ ಕಂಪ್ಯೂಟರಿನ ಬಳಿಗೆ ಕಳಿಸು ಎಂದು ರೌಟರಿಗೆ ಬರೆದುಕೊಡಬೇಕು. ಬರೆದುಕೊಟ್ಟೆ. ಆದರೂ ಬರಲಿಲ್ಲ. ಶಾಲೆಯಿಂದ ಬಂದವನು ಅಂಗಿ ಕೂಡ ಬಿಚ್ಚದೆ ಅದರ ಮುಂದೆ ಕೂರುತ್ತಿದ್ದೆ. ರಾಯಚೂರಿನ ಬಿಸಿಲು ನಿಮಗೆ ಗೊತ್ತಿದ್ದದ್ದೇ, ಸಂಜೆಯಾದರೂ ಗೋಡೆ ಮುಟ್ಟುವ ಹಾಗಿರುವುದಿಲ್ಲ. ಫ್ಯಾನಿನ ಗಾಳಿಯನ್ನು ನನಗೆ ಬಿಟ್ಟುಕೊಳ್ಳದೆ ಕಂಪ್ಯೂಟರಿನ ಕಡೆ ತಿರುಗಿಸಿದ್ದೆ. ಶಾಂತಾ ಚಹಾ ತಂದಿಟ್ಟು, ಆರಿದ ಮೇಲೆ ತೆಗೆದುಕೊಂಡು ಹೋಗುತ್ತಿದ್ದಳು. ಒಂದು ದಿನ ಮಾತ್ರ, ಮಾವನವರಿಗೆ ಬೇಕಾದದ್ದು ದನಿಯೋ ಈ ಪೆಟ್ಟಿಗೆಯೋ ಎಂದು ಕೇಳಿದಳು. ನಾನು ಫ್ಯಾನನ್ನು ಕಂಪ್ಯೂಟರಿಗೆ ಇನ್ನೂ ಹತ್ತಿರ ಎಳೆದುಕೊಂಡೆ.

ಕೊನೆಗೆ ನಮ್ಮ ಗಲ್ಲಿಗೆ ನೆಟ್ ಕೊಡುವ ಖಾಜಾನನ್ನು ಕರೆಸಿದೆ. ಅವನು ಡಬ್ಬಿ ನೋಡಲೇ ಇಲ್ಲ. ಚಹಾ ಕುಡಿಯುತ್ತ, ತೀರಾ ಸಹಜವಾಗಿ ಹೇಳಿದ:

‘ಮಾಸ್ತರ್, ನಿಮ್ಮ ಗಲ್ಲಿ ಪೂರಾ ಒಂದೇ ನಂಬರ್ ಮ್ಯಾಲ ಅದರಿ. ಒಳಗಿಂದ ನೀವು ದುನಿಯಾ ಎಲ್ಲಾ ನೋಡ್ತೀರಿ. ಹೊರಗಿನೋರಿಗೆ ನಿಮ್ಮ ಮನಿ ಕಾಣಂಗೇ ಇಲ್ರಿ.’

ನನ್ನ ಮನೆ ಯಾರಿಗೂ ಕಾಣುವುದಿಲ್ಲ! ಮೂರು ವಾರದಿಂದ ನಾನು ಬಾಗಿಲು ಕೆತ್ತುತ್ತಿದ್ದುದು ವಿಳಾಸವೇ ಇಲ್ಲದ ಮನೆಗೆ. ನಿಮ್ಮದೇ ಬೇರೆ ನಂಬರ್ ಬೇಕೆಂದರೆ ಅರ್ಜಿ ಕೊಡಬೇಕು, ಮೇಲಿನಿಂದ ಬರಬೇಕು, ಹತ್ತು ದಿನ ಆಗುತ್ತದೆ ಎಂದ. ಅರ್ಜಿ ಕೊಟ್ಟೆ. ಅದೇ ಹತ್ತು ದಿನದಲ್ಲಿ ಅಕ್ಕನ ಫೋನು ಎರಡು ಸಲ ಬಂತು. ಒಮ್ಮೆ, ಅಪ್ಪ ದಿನಾ ಬೆಳಿಗ್ಗೆ ಎದ್ದು ಗಂಟಲು, ಕಿವಿ, ಫೋನು ಮುಟ್ಟಿ ತೋರಿಸುತ್ತಾನೆ, ಏನು ಹೇಳಲಿ ಅಂತ. ಇನ್ನೊಮ್ಮೆ, ಕುಕ್ಕರ್ ಸೀಟಿ ಹೊಡೆದರೆ ಮೊದಲಿನ ಹಾಗೆ ತಿರುಗಿ ನೋಡುತ್ತಿಲ್ಲ ಅಂತ. ಎರಡಕ್ಕೂ ನಾನು ಹೇಳಿದ್ದು ಒಂದೇ ಮಾತು, ನಂಬರ್ ಬರಲಿ.

ನಂಬರ್ ಬಂತು. ಮಹಡಿ ಹತ್ತಿ, ವೈಫೈ ಆರಿಸಿ, ಸಿಮ್ಮಿನ ನೆಟ್ಟಿನಿಂದ ಪ್ರಯತ್ನಿಸಿದೆ. ಹೆಸರು ಕೇಳಿತು, ಪಾಸ್‌ವರ್ಡು ಕೇಳಿತು, ನಾನೇ ಕನ್ನಡದಲ್ಲಿ ಬರೆದಿಟ್ಟಿದ್ದ ‘ಸ್ವಾಗತ’ ಎಂಬ ಪದ ಪರದೆಯ ಮೇಲೆ ಮೂಡಿತು. ಇಷ್ಟು ಸಾಕಾಯಿತು ನನಗೆ. ಮುಂದೆ ಫೈಲು ಬರುತ್ತದೋ ಇಲ್ಲವೋ ನೋಡುವಷ್ಟೂ ತಾಳ್ಮೆ ಇರಲಿಲ್ಲ. ಸ್ವಾಗತ ಅಂದ ಮೇಲೆ ಬಂದೇ ಬರುತ್ತದೆ ಅಲ್ಲವೇ? ಮರುದಿನ ಭಾನುವಾರ, ನಾನೇ ದೇವದುರ್ಗಕ್ಕೆ ಬಂದು ಅಪ್ಪನ ಎದುರಿಗೇ ತೆರೆದು ತೋರಿಸುತ್ತೇನೆ ಎಂದು ಅಕ್ಕನಿಗೆ ಹೇಳಿದೆ.

ಇಲ್ಲಿ ನಮ್ಮವ್ವನ ಒಂದು ಮಾತು ಹೇಳಬೇಕು. ಬಾಗಲವಾಡದಲ್ಲಿ ನಮ್ಮ ಕೇರಿಯವರೆಲ್ಲ ಬೆಳಕು ಹರಿಯುವ ಮುಂಚೆ ಕೂಲಿಗೆ ಹೋಗುವವರು. ಒಮ್ಮೆ ಯಾರದೋ ಒಲೆಯ ಕೆಂಡದಿಂದ ಒಂದು ಸಾಲು ಗುಡಿಸಲು ಸುಟ್ಟುಹೋಯಿತಂತೆ, ನಾನಾಗ ತೊಟ್ಟಿಲಲ್ಲಿದ್ದೆ. ಅಂದಿನಿಂದ ಕೇರಿಯ ಹೆಂಗಸರಿಗೆಲ್ಲ ಒಂದು ರೂಢಿ. ಮನೆ ಬಿಡುವಾಗ ಒಲೆಗೆ ನೀರು ಚುಮುಕಿಸಿ, ಬೂದಿಯಲ್ಲಿ ಕೈಯಿಟ್ಟು ನೋಡಿ, ಆಮೇಲೆ ಹೊಸ್ತಿಲು ದಾಟುವುದು. ಅವ್ವ ನನಗೂ ಅಕ್ಕನಿಗೂ ಅದನ್ನು ಬಡಿದು ಕಲಿಸಿದ್ದಳು. ಈಗ ಒಲೆ ಇಲ್ಲ, ಬೂದಿ ಇಲ್ಲ. ಆದರೂ ಮನೆ ಬೀಗ ಹಾಕುವಾಗ ನಮ್ಮ ಕೈ ತಾನಾಗಿ ಹೋಗಿ ಗ್ಯಾಸು ತಿರುವುತ್ತದೆ, ಕರೆಂಟಿನ ಮೇನ್ ಇಳಿಸುತ್ತದೆ. ನಮ್ಮ ಕೇರಿಯಿಂದ ನೌಕರಿಗೆ ಬಂದು ರಾಯಚೂರಲ್ಲಿ ನೆಲೆಸಿದ ಹತ್ತಾರು ಮನೆಗಳಲ್ಲಿ ನಾನು ಇದನ್ನು ನೋಡಿದ್ದೇನೆ.

ಆ ಭಾನುವಾರ ಶಾಂತಾ ಮಾನ್ವಿಗೆ ತವರುಮನೆಗೆ ಹೋಗಿದ್ದಳು. ಬೀಗ ಹಾಕಿದವನು ನಾನು.

ದೇವದುರ್ಗದಲ್ಲಿ ಇಳಿದು ಅಕ್ಕನ ಮನೆಗೆ ಹೋದರೆ, ಅಪ್ಪ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಕತ್ತಿನ ತೂತಿಗೆ ಒಗೆದ ಬಟ್ಟೆಯ ತುಂಡು ಕಟ್ಟಿಕೊಂಡು ಗೋಡೆಗೆ ಒರಗಿ ಕೂತಿದ್ದ. ಬೀಗರ ಮನೆಗೆ ಹೊರಟವನ ಹಾಗೆ. ಪಕ್ಕದಲ್ಲಿ ನನಗೊಂದು ಚಾಪೆ ಹಾಸಿಸಿದ್ದ. ನಾನು ಫೋನು ತೆಗೆದೆ. ತೆರೆಯಲಿಲ್ಲ. ಮತ್ತೆ ಮಾಡಿದೆ. ಸ್ವಾಗತವೂ ಇಲ್ಲ. ಸಿಗ್ನಲ್ ಇಲ್ಲವೆಂದು ಬೀದಿಗೆ ಹೋದೆ, ಮಾಳಿಗೆ ಹತ್ತಿದೆ, ಅಕ್ಕನ ಫೋನಿನಲ್ಲಿ ನೋಡಿದೆ. ಅಪ್ಪ ನಾನು ಹೋದ ಕಡೆಯೆಲ್ಲ ಕಣ್ಣು ತಿರುಗಿಸುತ್ತಿದ್ದ. ಒಂದು ತಾಸು ಆಗಿರಬೇಕು. ಮಾಳಿಗೆಯ ಮೆಟ್ಟಿಲ ಮೇಲೆ ನಿಂತಿದ್ದಾಗ ನನ್ನ ಬಲಗೈಗೆ ತಾನು ಬೆಳಿಗ್ಗೆ ಮಾಡಿದ್ದು ನೆನಪಾಯಿತು. ಮೇನ್ ಇಳಿಸಿದ್ದೆ. ರಾಯಚೂರಿನಲ್ಲಿ ರೌಟರು, ಕಂಪ್ಯೂಟರು ಎರಡೂ ಕಣ್ಣು ಮುಚ್ಚಿ ಮಲಗಿದ್ದವು. ಅವನ್ನು ಎಬ್ಬಿಸಲು ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು.

ಅಕ್ಕನಿಗೆ ಹೇಳಿದೆ. ಅವಳು ನಗಲಿಲ್ಲ, ಬೈಯಲೂ ಇಲ್ಲ. ಅವ್ವನ ಕಲಿಕೆ ಅವಳಿಗೂ ಗೊತ್ತಿದ್ದದ್ದೇ.

‘ಒಂದು ಕಡ್ಡ್ಯಾಗ ಹಾಕ್ಕೊಂಡು ಬರಾಕ ಬರ್ತಿರಲಿಲ್ಲೇನು?’ ಎಂದು ಕೇಳಿದಳು.

ಕಡ್ಡಿ ಅಂದರೆ ಪೆನ್‌ಡ್ರೈವ್. ಮುಂದಿನ ವಾರ ಖಂಡಿತ ಆಗುತ್ತದೆ, ಎಲ್ಲ ಸಿದ್ಧವಾಗಿದೆ, ಬರೀ ಕರೆಂಟಿನದಷ್ಟೇ ತೊಂದರೆ ಎಂದು ಹೇಳಿದೆ. ಅಪ್ಪ ಸಂಜೆಯ ತನಕ ಆ ಬಿಳಿ ಅಂಗಿ ಬಿಚ್ಚಲಿಲ್ಲ. ನಾನು ಬಸ್ಸಿಗೆ ಹೊರಟಾಗ ಬಾಗಿಲವರೆಗೆ ಬಂದು ಬೆನ್ನು ತಟ್ಟಿದ. ನನಗೇ ಸಮಾಧಾನ! ಬಸ್ಸಿನಲ್ಲಿ ನನ್ನ ಬಗ್ಗೆ ನನಗೆ ಹೇಸಿಗೆಯಾಯಿತು. ಆ ಹೇಸಿಗೆ ರಾಯಚೂರಿನ ಸ್ಟ್ಯಾಂಡಿನಲ್ಲಿ ಇಳಿಯುವ ಹೊತ್ತಿಗೆ ಹಟವಾಗಿ ಮಾರ್ಪಟ್ಟಿತ್ತು. ಮನುಷ್ಯ ಹೀಗೂ ಇರುತ್ತಾನೆ ನೋಡಿ.

ಮನೆಗೆ ಬಂದು ಮೇನ್ ಎತ್ತಿದೆ. ಅಕ್ಕನಿಗೆ ಫೋನು ಮಾಡಿದೆ. ಈಗ ಅವಳಿಗೆ ಸ್ವಾಗತ ಬಂತು. ಅಷ್ಟೇ ಬಂತು. ಒಳಗಿನ ಫೈಲುಗಳ ಪಟ್ಟಿ ಬರಲಿಲ್ಲ. ಚಕ್ರ ತಿರುಗಿ ತಿರುಗಿ ನಿಲ್ಲುತ್ತಿತ್ತು. ಹೆಸರು ಕೇಳುತ್ತದೆ, ಬಾ ಅನ್ನುತ್ತದೆ, ಒಳಗೆ ಬಿಡುವುದಿಲ್ಲ. ಇದು ಮಾತ್ರ ಯಾವ ಪುಸ್ತಕ ಓದದೆಯೂ ನನಗೆ ಅರ್ಥವಾಯಿತು. ಬಾಗಲವಾಡದ ದೊಡ್ಡ ಮನೆಗಳ ಮುಂದೆ ಅಪ್ಪನ ಜೊತೆ ನಿಂತವನಲ್ಲವೇ ನಾನು. ಹೆಸರು ಹಿಡಿದು ಕರೆಯುತ್ತಿದ್ದರು, ಊಟ ಆಯಿತೇನೋ ಎಂದು ವಿಚಾರಿಸುತ್ತಿದ್ದರು, ನಾವು ಅಂಗಳದಲ್ಲೇ ಇರುತ್ತಿದ್ದೆವು.

ಹುಡುಕಿದಾಗ ಗೊತ್ತಾಯಿತು. ಈ ಸರ್ವರಿಗೆ ಮಾತಿಗೊಂದು ಬಾಗಿಲು, ಸರಕಿಗೆ, ಅಂದರೆ ಫೈಲುಗಳಿಗೆ, ಬೇರೆ ಬಾಗಿಲು. ಮಾತಿನ ಬಾಗಿಲು ಒಂದೇ, ಗೊತ್ತಿರುವಂಥದ್ದು. ಸರಕಿನದು ಪ್ರತಿ ಸಲ ಬದಲಾಗುತ್ತದೆ, ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯ ತನಕ ಎಂದು ಮೊದಲೇ ಗೆರೆ ಹಾಕಿ, ಅಷ್ಟನ್ನೂ ರೌಟರಿನಲ್ಲಿ ತೆರೆದಿಡಬೇಕು. ಗೆರೆ ಹಾಕಿದೆ. ರೌಟರು ತನ್ನಷ್ಟಕ್ಕೆ ಹಳೆಯದನ್ನು ಮರೆಯಿತು. ಮತ್ತೆ ಹಾಕಿದೆ. ಪಟ್ಟಿ ಒಮ್ಮೆ ಬಂತು, ಫೈಲು ಅರ್ಧಕ್ಕೆ ನಿಂತಿತು. ದಿನಗಳು ಹೋದವು. ನನ್ನ ನೋಟ್‌ಪುಸ್ತಕದಲ್ಲಿ ಹಂತಗಳು ಮಾತ್ರ ಬಹಳ ಚೆನ್ನಾಗಿ ಬೆಳೆಯುತ್ತಿದ್ದವು.

ಒಂದು ಮಧ್ಯಾಹ್ನ, ಶಾಲೆಯಲ್ಲಿ ಊಟದ ಬಿಡುವಿನ ಹೊತ್ತಿಗೆ ಅಕ್ಕ ಫೋನು ಮಾಡಿದಳು. ಸರ್ವರಿನ ವಿಷಯ ಇರಬೇಕೆಂದು ನಾನು ಆಗಲೇ ವಿವರಣೆ ಶುರು ಮಾಡಿದ್ದೆ.

‘ಅದನ್ನ ಬಿಡು ತಮ್ಮಾ,’ ಅಂದಳು. ‘ಇವತ್ತ ಹಿಂದ ನಿಂತು ಯಪ್ಪಾ ಅಂತ ಕರದೆ. ಮೂರು ಸಲ ಕರದೆ. ತಿರುಗಲಿಲ್ಲ.’

ಅರ್ಧ ದಿನದ ರಜೆ ಹಾಕಿ ಮನೆಗೆ ಬಂದೆ. ಪೆನ್‌ಡ್ರೈವ್ ಸಿಕ್ಕಿಸಿ ಅರವತ್ತು ಚಿಲ್ಲರೆ ಫೈಲುಗಳನ್ನೂ ಎಳೆದು ಬಿಟ್ಟೆ. ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕಂಪ್ಯೂಟರು ಪರದೆಯ ಮೇಲೆ ತೋರಿಸಿತು. ಹತ್ತೊಂಬತ್ತು ನಿಮಿಷ. ಎರಡು ತಿಂಗಳು ಕಳೆದಿದ್ದೆ ನಾನು. ಕುರ್ಚಿಯಲ್ಲಿ ಕೂತು ಆ ಹತ್ತೊಂಬತ್ತು ನಿಮಿಷವನ್ನೂ ನೋಡಿದೆ. ಎದ್ದು ಹೋಗುವ ಧೈರ್ಯವಾಗಲಿಲ್ಲ.

ದೇವದುರ್ಗ ಮುಟ್ಟಿದಾಗ ಇನ್ನೂ ಬೆಳಕಿತ್ತು. ಈ ಸಲ ನಾನು ಬರುವುದು ಅಪ್ಪನಿಗೆ ಗೊತ್ತಿರಲಿಲ್ಲ, ಬನಿಯನ್ನಿನಲ್ಲಿ ಕೂತಿದ್ದ. ಫೋನಿಗೆ ಕಡ್ಡಿ ಸಿಕ್ಕಿಸಿ, ಅವನ ಬಲಗಿವಿಗೆ ಒತ್ತಿ ಹಿಡಿದು, ಮೊದಲನೆಯ ಫೈಲು ಹಾಕಿದೆ. ಅದರಲ್ಲಿ ಅಪ್ಪ ಅವ್ವನ ಮದುವೆಯ ಕತೆ ಹೇಳುತ್ತಾನೆ. ಜೇಬಿನೊಳಗಿನ ದನಿ, ಸಣ್ಣಗೆ, ಬಟ್ಟೆಯ ಸರಪರ ಸದ್ದಿನ ನಡುವೆ. ಅಪ್ಪ ತಲೆಯಾಡಿಸಿದ, ಕೇಳುತ್ತಿಲ್ಲ ಎಂದು. ಎರಡನೆಯದು ಹಾಕಿದೆ, ಹತ್ತನೆಯದು ಹಾಕಿದೆ. ಎಡಗಿವಿಗೆ ಹಿಡಿದೆ. ಅಕ್ಕ ಅಂಗನವಾಡಿಯಿಂದ ಸ್ಪೀಕರು ತಂದಳು. ಅದರಲ್ಲೂ ಅವನಿಗೆ ಬರೀ ಗುಂಯ್ ಅನ್ನುವುದಷ್ಟೇ ತಾಗಿತು. ಎರಡು ತಿಂಗಳ ಹಿಂದೆ ಬಂದಿದ್ದರೆ ಅಷ್ಟೂ ಕೇಳಿಸುತ್ತಿತ್ತು. ಇದನ್ನು ಅಕ್ಕ ಬಾಯಿಬಿಟ್ಟು ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ.

ಆಗ ಒಂದು ಫೈಲು ನೆನಪಾಯಿತು. ಯಾವಾಗಲೋ ಒಂದು ಭಾನುವಾರ, ನೀ ಹೆಂಗ ಕೂಗ್ತಿದ್ದಿ ಯಪ್ಪಾ ಎಂದು ನಾನೇ ಕೆಣಕಿದ್ದೆ. ಅಪ್ಪ ಅಂಗಳಕ್ಕೆ ಇಳಿದು, ಹಲಗೆ ಇಲ್ಲದ್ದಕ್ಕೆ ಹಿಟ್ಟು ನಾದುವ ಪರಾತ ಬಡಿದು, ಪೂರ್ತಿ ದನಿಯಲ್ಲಿ ಕೂಗಿದ್ದ. ಹುಡುಕಿ ಅದನ್ನು ಹಾಕಿದೆ. ಸ್ಪೀಕರಿನ ಮೈಯೇ ನಡುಗಿತು:

‘ಕೇಳ್ರಪೋ ಕೇಳ್ರೀ! ನಾಳಿ ಮುಂಜಾನಿ ಕಾಲುವಿಗೆ ನೀರು ಬಿಡ್ತಾರಪೋ! ತಮ್ಮ ತಮ್ಮ ಹೊಲ ತಾವು ನೋಡ್ಕೊಳ್ರಪೋ!’

ಅಪ್ಪ ನೆಟ್ಟಗೆ ಕೂತ. ಕೇಳಿಸಿತು! ಕಣ್ಣು ಅರಳಿದವು. ಪರಾತದ ಪೆಟ್ಟಿಗೆ ಸರಿಯಾಗಿ ಬೆರಳು ತೊಡೆಯ ಮೇಲೆ ಬಿತ್ತು. ದನಿ ಎಳೆಯಬೇಕಾದ ಕಡೆ ಎಳೆದಾಗ ತಲೆದೂಗಿದ. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮುಗಿದ ಮೇಲೆ ಅಪ್ಪ ನನ್ನ ಕಡೆ ತಿರುಗಿ, ಸ್ಪೀಕರು ತೋರಿಸಿ, ಅಂಗೈ ಮೇಲೆ ಮಾಡಿ ಅಲ್ಲಾಡಿಸಿದ.

ಯಾರು? ಯಾವ ಊರಿನವ?

ನಾನು ಅವನ ಕಿವಿಗೆ ಬಾಯಿಟ್ಟು ಕೂಗಿದೆ, ‘ನೀನೇ ಯಪ್ಪಾ. ನಿಂದೇ ದನಿ ಅದು.’

ಅಪ್ಪ ಸದ್ದಿಲ್ಲದೆ ನಕ್ಕ. ಕೈ ಬೀಸಿದ, ಅಲ್ಲ ಅಂತ. ಅಕ್ಕನೂ ಕೂಗಿ ಹೇಳಿದಳು. ಅವಳ ಕಡೆಗೂ ಕೈ ಬೀಸಿದ. ಕಿವಿ ಮಂದ ಆಗಿದೆ, ಅದಕ್ಕೇ ಗೊತ್ತಾಗುತ್ತಿಲ್ಲ ಎಂದು ಅಕ್ಕ ನನಗೆ ಸಮಾಧಾನ ಹೇಳಿದಳು. ಕಿವಿಯಲ್ಲ. ಅಪ್ಪ ತನ್ನ ದನಿಯನ್ನು ಹೊರಗಿನಿಂದ ಒಂದು ದಿನವೂ ಕೇಳಿಸಿಕೊಂಡವನಲ್ಲ. ಊರಿಗೆಲ್ಲ ಗೊತ್ತಿದ್ದ ದನಿ ಅವನೊಬ್ಬನಿಗೆ ಗೊತ್ತಿರಲಿಲ್ಲ. ಮೂರು ವರ್ಷ ಕದ್ದು ಹಿಡಿದ ನಾನು, ಒಂದೇ ಒಂದು ಸಲ, ಅವನು ಬಾಯಿ ತುಂಬ ಮಾತಾಡುತ್ತಿದ್ದ ಕಾಲದಲ್ಲಿ, ಇಗೋ ನೋಡು ನಿನ್ನ ದನಿ ಎಂದು ಕೇಳಿಸಿರಲಿಲ್ಲ.

ಇನ್ನೊಮ್ಮೆ ಹಾಕು ಎಂದು ಬೆರಳೆತ್ತಿದ. ಹಾಕಿದೆ. ಮತ್ತೊಮ್ಮೆ ಬೆರಳೆತ್ತಿದ, ಹಾಕಿದೆ. ಮೂರನೆಯ ಸಲ ಮುಗಿದಾಗ, ಕೈ ಎಷ್ಟು ಚೆನ್ನಾಗಿದೆ ನೋಡು ಈ ಮನುಷ್ಯನದು, ದನಿ ಎಷ್ಟು ದೂರ ಹೋಗುತ್ತದೆ ನೋಡು ಎನ್ನುವಂತೆ ನನಗೂ ಅಕ್ಕನಿಗೂ ಸನ್ನೆ ಮಾಡಿದ. ಆಮೇಲೆ ತುಸು ಮುಂದಕ್ಕೆ ಬಗ್ಗಿ ಆ ಸ್ಪೀಕರಿಗೆ ಎರಡೂ ಕೈ ಜೋಡಿಸಿ ಮುಗಿದ.